ಏಜೆಂಟ್‌ಗೆ ನಿಮ್ಮ ಟೂಲ್ ಅರ್ಥವಾಗಬೇಕು: ಹೆಲ್ಪ್ ಸಾಕಾ, ಸ್ಕಿಲ್ ಬೇಕಾ, ಎಂಸಿಪಿನೇ ಬೇಕಾ?

"ನಮ್ಮದೊಂದು ಚಿಕ್ಕ ಟೂಲ್ ಇದೆ. ಎಐ ಏಜೆಂಟ್ ಅದನ್ನು ತಾನಾಗಿ ಬಳಸುವ ಹಾಗೆ ಮಾಡಬೇಕು. ಎಂಸಿಪಿ ಸರ್ವರ್ ಬರೆಯೋಣ್ವಾ, ಸ್ಕಿಲ್ ಸಾಕಾ, ಇಲ್ಲಾ ರೀಡ್‌ಮಿ ಚೆನ್ನಾಗಿದ್ದರೆ ಆಯ್ತಾ?" ಈ ಪ್ರಶ್ನೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. ಏಜೆಂಟ್ ಎಂದರೆ ಹೇಳಿದ ಕೆಲಸವನ್ನು ಟೂಲ್‌ಗಳನ್ನು ಬಳಸಿ ತಾನೇ ಮಾಡುವ ಎಐ. ಎಂಸಿಪಿ ಏಜೆಂಟನ್ನು ಟೂಲಿಗೆ ಜೋಡಿಸುವ ಪದ್ಧತಿ, ಸ್ಕಿಲ್ ಕೆಲಸದ ಕ್ರಮ ಹೇಳುವ ಫೋಲ್ಡರ್, ರೀಡ್‌ಮಿ ಟೂಲಿನ ಜೊತೆ ಬರುವ ಪರಿಚಯದ ಫೈಲ್. ಕೇಳುವವರಲ್ಲಿ ಒಬ್ಬರೇ ಕೂತು ಕೋಡ್ ಬರೆಯುವವರಿದ್ದಾರೆ, ಐದಾರು ಜನರ ಆಫೀಸಿನವರಿದ್ದಾರೆ, ಗ್ರಾಹಕರಿಗೆ ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ನೇರವಾಗಿ ಬಳಸುವ ದಾರಿ) ಕೊಡುವ ಕಂಪನಿಯವರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎಲ್ಲರಿಗೂ ಒಂದೇ.

ಮೊದಲು ನನಗೆ ಪಾಠ ಕಲಿಸಿದ ಒಂದು ಘಟನೆ ಹೇಳುತ್ತೇನೆ. ಮುಂದೆ ಉದ್ದಕ್ಕೂ ಇದೇ ಉದಾಹರಣೆ ಬರುತ್ತದೆ.

ನನ್ನ ಹತ್ತಿರ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುವ ಒಂದು ಪುಟ್ಟ ಕಮಾಂಡ್‌ಲೈನ್ ಟೂಲ್ (ಕಮಾಂಡ್ ಟೈಪ್ ಮಾಡಿ ಓಡಿಸುವಂಥದ್ದು) ಇದೆ. ಹಳೆಯ ನುಡಿ ಫೈಲಿನ ಒಳಗೆ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಅಲ್ಲಿರುವುದು ರೋಮನ್ ಅಕ್ಷರಗಳು ಮತ್ತು ಕೆಲವು ಚಿಹ್ನೆಗಳು. ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ತೋರಿಸುತ್ತದೆ, ಅಷ್ಟೇ. ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ತರ ಕಾಣುತ್ತದೆ. ಡಿಟಿಪಿ ಮಾಡಿಸಿದವರಿಗೆ, ಹಳೆಯ ಲೇಖನಗಳನ್ನು ಉಳಿಸಿಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಒಂದು ದಿನ ಒಂದು ಫೋಲ್ಡರ್ ತೋರಿಸಿ, "ಇದರಲ್ಲಿರುವುದನ್ನೆಲ್ಲ ಯುನಿಕೋಡ್‌ಗೆ ಮಾಡು" ಎಂದು ಏಜೆಂಟ್‌ಗೆ ಹೇಳಿದೆ. ಅದು ಟೂಲನ್ನು ಹುಡುಕಿತು, ಎಲ್ಲ ಫೈಲಿನ ಮೇಲೂ ಓಡಿಸಿತು, ಮುಗಿಯಿತು ಎಂದಿತು. ನೋಡಿದರೆ ಆ ಫೋಲ್ಡರಿನ ಕೆಲವು ಫೈಲು ಮೊದಲೇ ಯುನಿಕೋಡ್‌ನಲ್ಲಿದ್ದವು. ಅವುಗಳಲ್ಲಿದ್ದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಎಲ್ಲವನ್ನೂ ಟೂಲ್ ನುಡಿ ಎಂದು ತಿಳಿದು ಕನ್ನಡದ ಕಲಸುಮೇಲೋಗರ ಮಾಡಿತ್ತು. ಮೂಲ ಫೈಲಿನ ಮೇಲೆಯೇ ಬರೆದಿತ್ತು. ಬ್ಯಾಕಪ್ ಇದ್ದಿದ್ದರಿಂದ ಬಚಾವಾದೆ.

ಏಜೆಂಟಿನದು ಏನೂ ತಪ್ಪಿರಲಿಲ್ಲ. ನನ್ನ ಟೂಲಿನ ವಿವರಣೆಯಲ್ಲಿ ಇದ್ದಿದ್ದು ಒಂದೇ ಸಾಲು: "ಫೈಲನ್ನು ಪರಿವರ್ತಿಸುತ್ತದೆ." ಯಾವ ಫೈಲನ್ನು, ಏನಕ್ಕೆ, ಯಾವಾಗ ಬಳಸಬಾರದು, ಮೂಲ ಫೈಲ್ ಏನಾಗುತ್ತದೆ, ಒಂದನ್ನೂ ನಾನು ಹೇಳಿರಲಿಲ್ಲ. ಅದೇ ಸಾಲನ್ನು ಎಂಸಿಪಿಯಲ್ಲಿ ಬರೆದಿದ್ದರೂ, ಸ್ಕಿಲ್‌ನಲ್ಲಿ ಬರೆದಿದ್ದರೂ ಇದೇ ಆಗುತ್ತಿತ್ತು.

ಮೊದಲು ಈ ಐದು ಪ್ರಶ್ನೆ

ಏಜೆಂಟ್ ಎಲ್ಲಿಂದ ನಿಮ್ಮ ಟೂಲನ್ನು ಮುಟ್ಟುತ್ತದೆ? ಇದು ಎಲ್ಲಕ್ಕಿಂತ ಮುಖ್ಯ. ಕ್ಲಾಡ್ ಕೋಡ್, ಕೋಡೆಕ್ಸ್, ಕರ್ಸರ್ ತರದ ಕೋಡಿಂಗ್ ಏಜೆಂಟ್‌ಗಳು ನಿಮ್ಮ ಕಂಪ್ಯೂಟರಿನಲ್ಲೇ ಕಮಾಂಡ್ ಓಡಿಸಬಲ್ಲವು. ಫೋನಿನ ಚಾಟ್ ಆಪ್‌ನಲ್ಲಿರುವ ಏಜೆಂಟ್‌ಗೆ ನಿಮ್ಮ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಸಿಗುವುದಿಲ್ಲ. ಅರ್ಧ ಆಯ್ಕೆಗಳು ಈ ಒಂದೇ ಪ್ರಶ್ನೆಯಲ್ಲಿ ಉದುರಿಹೋಗುತ್ತವೆ.

ಎರಡನೆಯದು, ವಿವರಣೆಯ ಭಾರ. ಏಜೆಂಟಿನ ಒಳಗಿರುವ ಎಐ ಮಾಡೆಲ್ ಒಂದು ಸಲಕ್ಕೆ ಓದಿ ನೆನಪಿಟ್ಟುಕೊಳ್ಳುವ ಜಾಗಕ್ಕೆ ಮಿತಿ ಇದೆ. ಅದನ್ನೇ ಕಾಂಟೆಕ್ಸ್ಟ್ ಎನ್ನುತ್ತೇವೆ. ನಿಮ್ಮ ವಿವರಣೆ ಪ್ರತಿ ಮಾತುಕತೆಯಲ್ಲೂ ಆ ಜಾಗ ಹಿಡಿಯುತ್ತದಾ, ಇಲ್ಲಾ ಬೇಕಾದಾಗ ಮಾತ್ರ ಬರುತ್ತದಾ?

ಮೂರನೆಯದು, ಕೋಡ್ ಬದಲಾದಾಗ ವಿವರಣೆಯೂ ಬದಲಾಗುತ್ತದಾ? ಮನುಷ್ಯರು ಹಳೆಯ ಕೈಪಿಡಿ ನೋಡಿದರೆ ಅನುಮಾನ ಪಡುತ್ತಾರೆ. ಏಜೆಂಟ್ ಸಾಮಾನ್ಯವಾಗಿ ನಂಬಿಬಿಡುತ್ತದೆ. ನಾಲ್ಕನೆಯದು, ತಪ್ಪಾದರೆ ಏನು ಹಾಳಾಗುತ್ತದೆ? ಹವಾಮಾನ ತಿಳಿಸುವ ಟೂಲಿಗೂ ಬಿಲ್ ಕಳಿಸುವ ಟೂಲಿಗೂ ಒಂದೇ ಕಾವಲು ಸಾಲದು. ಐದನೆಯದು, ನಿಮ್ಮ ಕೈಯಲ್ಲಿ ಎಷ್ಟು ಸಮಯ, ಎಷ್ಟು ದುಡ್ಡು ಇದೆ?

ಹೆಲ್ಪ್ ಮತ್ತು ಎರರ್ ಸಂದೇಶ

ಹೆಲ್ಪ್ ಎಂದರೆ ಟೂಲ್ ತನ್ನ ಬಗ್ಗೆ ತಾನೇ ತೋರಿಸುವ ವಿವರಣೆ. ಕಮಾಂಡ್‌ಲೈನ್ ಟೂಲ್ ಇದ್ದರೆ ಇಲ್ಲಿಂದಲೇ ಶುರು ಮಾಡಿ. ಖರ್ಚು ಏನೂ ಇಲ್ಲ, ಒಂದು ಸಂಜೆಯ ಕೆಲಸ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಮೊದಲ ಕೈಪಿಡಿ ಬಂದಿದ್ದು 1971ರಲ್ಲಿ. ಅಂದಿನಿಂದ ಕಮಾಂಡ್‌ಗಳಿಗೆ ಬರೆದ ಇಂಥ ವಿವರಣೆ ರಾಶಿ ರಾಶಿಯಾಗಿ ಬೆಳೆದಿದೆ, ಮಾಡೆಲ್‌ಗಳು ಅದನ್ನು ಓದಿಕೊಂಡೇ ಬಂದಿವೆ. ಹೊಸ ಕಮಾಂಡ್ ಸಿಕ್ಕಿದರೆ ಏಜೆಂಟ್ ಸಾಮಾನ್ಯವಾಗಿ ಮೊದಲು ಮಾಡುವುದು ಅದರ ಹೆಲ್ಪ್ ತೆಗೆಯುವುದು.

ನನ್ನ ಟೂಲಿನ ಹೆಲ್ಪ್ ಈಗ ಹೀಗೆ ಶುರುವಾಗುತ್ತದೆ: "ನುಡಿಯ ಹಳೆಯ ಎನ್‌ಕೋಡಿಂಗ್‌ನಲ್ಲಿರುವ ಟೆಕ್ಸ್ಟ್ ಫೈಲನ್ನು ಯುನಿಕೋಡ್ ಕನ್ನಡಕ್ಕೆ ಬದಲಿಸುತ್ತದೆ. ಮೂಲ ಫೈಲನ್ನು ಮುಟ್ಟುವುದಿಲ್ಲ, ಹೊಸ ಫೈಲ್ ಬರೆಯುತ್ತದೆ. ಈಗಾಗಲೇ ಯುನಿಕೋಡ್‌ನಲ್ಲಿರುವ ಫೈಲಿಗೆ ಬಳಸಬೇಡಿ. ವರ್ಡ್ ಫೈಲ್ ಕೊಡಬೇಡಿ, ಮೊದಲು ಟೆಕ್ಸ್ಟ್ ಆಗಿ ಉಳಿಸಿ. ಟೆಕ್ಸ್ಟ್ ಆದಾಗ ಫಾಂಟಿನ ಮಾಹಿತಿ ಹೋಗುತ್ತದೆ, ಆದ್ದರಿಂದ ನಡುವೆ ಇರುವ ಇಂಗ್ಲಿಷ್ ಪದಗಳು ಹಾಳಾಗಬಹುದು. ಆ ಸಾಲುಗಳನ್ನು ಪರೀಕ್ಷಿಸಿ." ಅದರ ಕೆಳಗೆ ಎರಡು ಪೂರ್ತಿ ಉದಾಹರಣೆ. ಉದಾಹರಣೆಯನ್ನು ಬಿಡಲೇಬೇಡಿ. ಹತ್ತು ಆಯ್ಕೆಗಳ ಪಟ್ಟಿಗಿಂತ ಒಂದು ಪೂರ್ತಿ ಕಮಾಂಡ್ ಮತ್ತು ಅದರ ಫಲಿತಾಂಶ ಏಜೆಂಟ್‌ಗೆ ಜಾಸ್ತಿ ಹೇಳುತ್ತದೆ.

ಎರರ್ ಸಂದೇಶವೂ ಕೈಪಿಡಿಯ ಭಾಗ ಎಂದೇ ತಿಳಿದು ಬರೆಯಿರಿ. ಏಜೆಂಟ್ ಒಂದು ಹೆಜ್ಜೆ ಇಟ್ಟು, ಬಂದ ಉತ್ತರ ಓದಿ, ಮುಂದಿನ ಹೆಜ್ಜೆ ಇಡುತ್ತದೆ. "ಎರರ್ 2" ಎಂದರೆ ಅದು ಊಹೆ ಮಾಡಲು ಶುರು ಮಾಡುತ್ತದೆ. "ಈ ಫೈಲಿನಲ್ಲಿ ಈಗಾಗಲೇ ಯುನಿಕೋಡ್ ಕನ್ನಡ ಅಕ್ಷರಗಳಿವೆ. ಏನನ್ನೂ ಬದಲಿಸಿಲ್ಲ. ಇದನ್ನು ಬಿಟ್ಟು ಮುಂದಿನ ಫೈಲಿಗೆ ಹೋಗಿ" ಎಂದರೆ ಅದು ಹಾಗೇ ಮಾಡುತ್ತದೆ. ಏನಾಯಿತು, ಏನು ಆಗಿಲ್ಲ, ಮುಂದೆ ಏನು ಮಾಡಬಹುದು: ಈ ಮೂರೂ ಇರಲಿ.

ಇನ್ನೆರಡು ಸಣ್ಣ ವಿಷಯ. ಟೂಲ್ ನಡುವೆ ನಿಂತು "ಹೌದಾ, ಇಲ್ವಾ?" ಎಂದು ಕೇಳಿದರೆ ಏಜೆಂಟ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಪ್ರಶ್ನೆ ಇಲ್ಲದೆ ಓಡುವ ಆಯ್ಕೆ ಕೊಡಿ, ಅದರ ಜೊತೆಗೆ ಏನನ್ನೂ ಬದಲಿಸದೆ "ಇದಿಷ್ಟು ಮಾಡುತ್ತಿದ್ದೆ" ಎಂದು ಮಾತ್ರ ತೋರಿಸುವ ಡ್ರೈ ರನ್ ಆಯ್ಕೆಯನ್ನೂ ಕೊಡಿ. ಫಲಿತಾಂಶ ಉದ್ದ ಇದ್ದರೆ ಯಂತ್ರ ಸುಲಭವಾಗಿ ಓದುವ ಜೇಸನ್ ರೂಪದಲ್ಲಿ ಕೊಡುವ ದಾರಿ ಇರಲಿ.

ಇದರ ಕೊರತೆ ಸ್ಪಷ್ಟ. ಟರ್ಮಿನಲ್ ಇಲ್ಲದ ಏಜೆಂಟ್‌ಗೆ ಇದು ಸಿಗುವುದಿಲ್ಲ. ಟೂಲ್ ಇದೆ ಎನ್ನುವುದೇ ಏಜೆಂಟ್‌ಗೆ ಗೊತ್ತಿಲ್ಲದಿದ್ದರೆ ಹೆಲ್ಪ್ ತೆಗೆಯುವ ಪ್ರಶ್ನೆಯೂ ಬರುವುದಿಲ್ಲ. ಉಳಿದ ವಿಷಯದಲ್ಲಿ ಇದಕ್ಕೆ ಒಳ್ಳೆಯ ಅಂಕ: ಸದಾ ಭಾರ ಇಲ್ಲ, ಕೋಡಿನ ಪಕ್ಕದಲ್ಲೇ ಇರುವುದರಿಂದ ಹಳೆಯದಾಗುವುದೂ ಕಡಿಮೆ.

ಏಜೆಂಟ್ಸ್ ಡಾಟ್ ಎಂಡಿ

ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಇಡುವ ಒಂದು ಸಾದಾ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಟೆಕ್ಸ್ಟ್) ಫೈಲ್ ಇದು. 2025ರಲ್ಲಿ ಬಳಕೆಗೆ ಬಂತು. ಇಂತಿಂಥ ಭಾಗ ಇರಲೇಬೇಕು ಎಂಬ ನಿಯಮ ಇಲ್ಲ. ಕೋಡಿಂಗ್ ಏಜೆಂಟ್‌ಗಳಲ್ಲಿ ಹಲವು ಇದನ್ನು ಕೆಲಸದ ಶುರುವಿನಲ್ಲೇ ಓದುತ್ತವೆ. ಕ್ಲಾಡ್ ಕೋಡ್ ತನ್ನದೇ ಹೆಸರಿನ ಕ್ಲಾಡ್ ಡಾಟ್ ಎಂಡಿ ಫೈಲನ್ನು ಓದುತ್ತದೆ. ಅದರೊಳಗೆ ಒಂದು ಸಾಲು ಬರೆದು ಏಜೆಂಟ್ಸ್ ಫೈಲನ್ನು ಸೇರಿಸಿಕೊಳ್ಳಬಹುದು, ಎರಡು ಕಡೆ ಬರೆಯುವ ಕಷ್ಟ ತಪ್ಪುತ್ತದೆ.

"ಇಂಥ ಟೂಲ್ ಇದೆ, ಇಂಥ ಹೊತ್ತಿನಲ್ಲಿ ಬಳಸು, ವಿವರಕ್ಕೆ ಹೆಲ್ಪ್ ನೋಡು" ಎನ್ನಲು ಇದು ತಕ್ಕ ಜಾಗ. ಆದರೆ ಇಲ್ಲಿ ಬರೆದಿದ್ದೆಲ್ಲ ಪ್ರತಿ ಮಾತುಕತೆಯಲ್ಲೂ ಕಾಂಟೆಕ್ಸ್ಟ್‌ನಲ್ಲಿ ಕೂರುತ್ತದೆ. ರೀಡ್‌ಮಿಯನ್ನು ಪೂರ್ತಿ ತಂದು ಇಲ್ಲಿ ಸುರಿಯುವವರನ್ನು ನೋಡಿದ್ದೇನೆ. ಪ್ರಾಜೆಕ್ಟಿನ ಇತಿಹಾಸ, ಕೊಡುಗೆ ಕೊಟ್ಟವರ ಹೆಸರು, ಬ್ಯಾಡ್ಜ್‌ಗಳು ಏಜೆಂಟ್‌ಗೆ ಬೇಡ. ಏಜೆಂಟ್ ತಪ್ಪು ಮಾಡಿದ ಪ್ರತಿ ಸಲ ಒಂದೊಂದು ಸಾಲು ಸೇರಿಸುತ್ತಾ, ಎರಡು ತಿಂಗಳಿಗೊಮ್ಮೆ ಬೇಡದ್ದನ್ನು ತೆಗೆಯುತ್ತಾ ಹೋದರೆ ಫೈಲ್ ಚಿಕ್ಕದಾಗಿಯೇ ಉಳಿಯುತ್ತದೆ. ಒಂದು ಪ್ರಾಜೆಕ್ಟಿಗೆ ಸೇರಿದ ಟೂಲ್ ಆಗಿದ್ದರೆ ಹೆಲ್ಪ್ ಜೊತೆಗೆ ಇದಿಷ್ಟೇ ಸಾಕು.

ಸ್ಕಿಲ್

ಕ್ಲಾಡ್ ತಯಾರಿಸುವ ಕಂಪನಿ ಆಂಥ್ರೋಪಿಕ್ 2025ರ ಅಕ್ಟೋಬರ್‌ನಲ್ಲಿ ಏಜೆಂಟ್ ಸ್ಕಿಲ್ಸ್ ತಂದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಎಲ್ಲರೂ ಬಳಸಬಹುದಾದ ಮಾನದಂಡವಾಗಿ ಬಿಟ್ಟಿತು. ಒಂದು ಫೋಲ್ಡರ್, ಅದರೊಳಗೆ ಸ್ಕಿಲ್ ಡಾಟ್ ಎಂಡಿ ಎಂಬ ಫೈಲ್, ಬೇಕಿದ್ದರೆ ಜೊತೆಗೆ ಸ್ಕ್ರಿಪ್ಟ್ ಮತ್ತು ಇತರ ಬರಹ. ಶುರುವಿನಲ್ಲಿ ಏಜೆಂಟ್‌ಗೆ ಕಾಣುವುದು ಸ್ಕಿಲ್‌ನ ಹೆಸರು ಮತ್ತು ಚಿಕ್ಕ ವಿವರಣೆ ಮಾತ್ರ. ಕೆಲಸಕ್ಕೆ ಹೊಂದುತ್ತದೆ ಎನಿಸಿದರೆ ಆಗ ಪೂರ್ತಿ ಫೈಲನ್ನು ತೆರೆಯುತ್ತದೆ. ಹೀಗಾಗಿ ಹತ್ತಾರು ಸ್ಕಿಲ್ ಇದ್ದರೂ ಭಾರ ಕಡಿಮೆ.

ಬರೀ ಟೂಲ್ ಸಾಲದು, ಅದನ್ನು ಬಳಸುವ ಕ್ರಮವೂ ಬೇಕು ಎಂದಾಗ ಸ್ಕಿಲ್ ನನಗೆ ತುಂಬಾ ಇಷ್ಟ. ನನ್ನ ಉದಾಹರಣೆಯಲ್ಲಿ ಕ್ರಮ ಹೀಗಿದೆ: ಮೊದಲು ಫೈಲ್ ಯಾವ ಎನ್‌ಕೋಡಿಂಗ್ ಎಂದು ನೋಡು, ಒಂದು ಫೈಲನ್ನು ಮಾತ್ರ ಬದಲಿಸಿ ತೋರಿಸು, ಒಪ್ಪಿದ ಮೇಲೆ ಉಳಿದದ್ದು ಮಾಡು, ಕೊನೆಗೆ ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿವೆಯಾ ಎಂದು ಕೆಲವು ಸಾಲು ಪರೀಕ್ಷಿಸು. ಈ ತಿಳಿವಳಿಕೆ ಹೆಲ್ಪ್‌ನಲ್ಲಿ ಹಿಡಿಸುವುದಿಲ್ಲ.

ಸ್ಕಿಲ್ ಗೆಲ್ಲುವುದೂ ಸೋಲುವುದೂ ಆ ಚಿಕ್ಕ ವಿವರಣೆಯಲ್ಲಿ. ಅದಕ್ಕೆ 1,024 ಅಕ್ಷರಗಳ ಮಿತಿ ಇದೆ. ಅದರಲ್ಲಿ ಜನ ನಿಜವಾಗಿ ಆಡುವ ಮಾತು ಇರಬೇಕು. "ನನ್ನ ಫೈಲನ್ನು ನುಡಿ ಎನ್‌ಕೋಡಿಂಗ್‌ನಿಂದ ಬದಲಿಸು" ಎಂದು ಯಾರೂ ಕೇಳುವುದಿಲ್ಲ. "ಅಕ್ಷರ ಒಡೆದಿದೆ", "ಹಳೇ ಫಾಂಟ್ ಫೈಲು", "ಇಂಗ್ಲಿಷ್ ತರ ಏನೇನೋ ಬರ್ತಿದೆ" ಎನ್ನುತ್ತಾರೆ. ಆ ಮಾತುಗಳನ್ನು ವಿವರಣೆಯಲ್ಲಿ ಸೇರಿಸಿದ ಮೇಲೆಯೇ ನನ್ನ ಸ್ಕಿಲ್ ಸರಿಯಾದ ಹೊತ್ತಿಗೆ ಎದ್ದು ಬರಲು ಶುರುವಾಯಿತು. ಅದಕ್ಕೆ ಎದುರಾದದ್ದನ್ನೂ ಬರೆಯಬೇಕು. "ಬಾಕ್ಸ್ ಬಾಕ್ಸ್ ಕಾಣ್ತಿದೆ" ಎಂದರೆ ಅದು ಸಾಮಾನ್ಯವಾಗಿ ಯುನಿಕೋಡ್ ಫೈಲೇ, ಫಾಂಟ್ ಇಲ್ಲ ಅಷ್ಟೇ. ಆಗ ಈ ಟೂಲ್ ಓಡಿಸಬಾರದು.

ಓಪನ್‌ಎಪಿಐ

ನಿಮ್ಮ ಟೂಲ್ ವೆಬ್ ಸೇವೆಯಾಗಿ ನಡೆಯುತ್ತಿದ್ದರೆ, ಅದನ್ನು ಮನುಷ್ಯರೂ ಬೇರೆ ಸಾಫ್ಟ್‌ವೇರ್‌ಗಳೂ ಬಳಸುತ್ತಿದ್ದರೆ, ಓಪನ್‌ಎಪಿಐ ವಿವರಣೆ ಹೇಗೂ ಬೇಕು. ಮೊದಲು ಸ್ವ್ಯಾಗರ್ ಎಂಬ ಹೆಸರಿತ್ತು. 2015ರ ಕೊನೆಯಲ್ಲಿ ಲಿನಕ್ಸ್ ಫೌಂಡೇಷನ್ ಅಡಿಗೆ ಬಂತು. ಯಾವ ವಿಳಾಸಕ್ಕೆ ಏನು ಕಳಿಸಬೇಕು, ಏನು ಬರುತ್ತದೆ, ಯಾವುದು ಕಡ್ಡಾಯ, ಎಲ್ಲವೂ ಯಂತ್ರ ಓದುವ ರೂಪದಲ್ಲಿರುತ್ತದೆ. ಫಾಸ್ಟ್‌ಎಪಿಐ ತರದ ಚೌಕಟ್ಟು ಬಳಸಿದರೆ ಕೋಡಿನಿಂದಲೇ ತಾನಾಗಿ ತಯಾರಾಗುತ್ತದೆ, ಹಳೆಯದಾಗುವ ಭಯ ಕಡಿಮೆ.

ತೊಡಕು ಏನೆಂದರೆ, ತಾನಾಗಿ ತಯಾರಾದ ಫೈಲಿನಲ್ಲಿ ಆಕಾರ ಇರುತ್ತದೆ, ಅರ್ಥ ಇರುವುದಿಲ್ಲ. "ಸ್ಟೇಟಸ್: ಸ್ಟ್ರಿಂಗ್" (ಸ್ಟ್ರಿಂಗ್ ಎಂದರೆ ಯಾವುದೋ ಒಂದು ಬರಹ) ಎಂದಷ್ಟೇ ಇದ್ದರೆ ಏಜೆಂಟ್ ಏನು ತುಂಬಬೇಕು? ನಾಲ್ಕೇ ಬೆಲೆಗಳು ಸಾಧ್ಯ ಎಂದಾದರೆ ಆ ನಾಲ್ಕನ್ನೂ ಎನಮ್ (ಇವಿಷ್ಟೇ ಎಂದು ಹೇಳುವ ಪಟ್ಟಿ) ಆಗಿ ಬರೆಯಿರಿ. ದಿನಾಂಕ 05-06 ಎಂದರೆ ಜೂನ್ 5 ಅಥವಾ ಮೇ 6, ಎರಡೂ ಆಗಬಹುದು. ವರ್ಷ-ತಿಂಗಳು-ದಿನ ಎಂದು ಬರೆದು ಒಂದು ಉದಾಹರಣೆ ಕೊಡಿ. ಮೊತ್ತ ರೂಪಾಯಿಯಲ್ಲಾ ಪೈಸೆಯಲ್ಲಾ, ಅದನ್ನೂ ಹೇಳಿ. ಪೈಸೆಯ ಜಾಗದಲ್ಲಿ ರೂಪಾಯಿ ಹೋದರೆ ನೂರು ಪಟ್ಟು ತಪ್ಪಾಗುತ್ತದೆ, ಎರರ್ ಮಾತ್ರ ಬರುವುದಿಲ್ಲ.

ದೊಡ್ಡ ಎಪಿಐನ ಪೂರ್ತಿ ಫೈಲನ್ನು ಏಜೆಂಟ್‌ಗೆ ಒಮ್ಮೆಲೇ ಕೊಡಬೇಡಿ. ಬೇಕಾದ ಭಾಗವನ್ನು ಮಾತ್ರ ಕತ್ತರಿಸಿ ಕೊಡಿ.

ಎಂಸಿಪಿ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನು ಬಿಡುಗಡೆ ಮಾಡಿತು. ಈಗ ಬೇರೆ ಬೇರೆ ಕಂಪನಿಗಳ ಏಜೆಂಟ್‌ಗಳೂ ಅದನ್ನು ಬಳಸುತ್ತವೆ. ನಿಮ್ಮ ಸರ್ವರ್ ತನ್ನಲ್ಲಿರುವ ಟೂಲ್‌ಗಳ ಪಟ್ಟಿ ಕೊಡುತ್ತದೆ: ಪ್ರತಿಯೊಂದಕ್ಕೂ ಹೆಸರು, ವಿವರಣೆ, ಏನೇನು ತುಂಬಬೇಕು ಎಂಬ ಸ್ಕೀಮಾ. ಏಜೆಂಟ್ ಅದರಿಂದ ಆರಿಸಿ ಕರೆಯುತ್ತದೆ.

ಟರ್ಮಿನಲ್ ಇಲ್ಲದ ಜನರಿಗೆ ಟೂಲ್ ಮುಟ್ಟಿಸಬೇಕು ಎಂದರೆ ಎಂಸಿಪಿ ನಿಜಕ್ಕೂ ಸರಿಯಾದ ದಾರಿ. ಲೆಕ್ಕ ನೋಡುವವರು ಚಾಟ್ ಆಪ್‌ನಲ್ಲಿ ಕೂತು "ಹೋದ ತಿಂಗಳ ಬಾಕಿ ಯಾರ್‌ಯಾರದು?" ಎಂದು ಕೇಳಬೇಕು ಎಂದಿಟ್ಟುಕೊಳ್ಳಿ. ಅವರಿಗೆ ಕಮಾಂಡ್ ಕಲಿಸುವ ಅಗತ್ಯ ಇಲ್ಲ. ಲಾಗಿನ್, ಅನುಮತಿ, ಯಾರು ಏನನ್ನು ನೋಡಬಹುದು ಎನ್ನುವುದನ್ನು ಸರ್ವರ್ ಕಡೆಯೇ ಹಿಡಿದಿಡಬಹುದು. ಅಪಾಯದ ಟೂಲ್‌ಗಳಿಗೆ ಇದು ದೊಡ್ಡ ಬಲ.

ಬೆಲೆಯೂ ಇದೆ. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆ ಮಾತುಕತೆಯ ಶುರುವಿನಲ್ಲೇ ಕಾಂಟೆಕ್ಸ್ಟ್‌ಗೆ ಬಂದು ಕೂರುತ್ತದೆ. ಒಂದಕ್ಕೆ 300 ಟೋಕನ್ (ಮಾಡೆಲ್ ಓದುವ ಪದದ ಚೂರು) ಎಂದುಕೊಂಡರೂ 40 ಟೂಲ್‌ಗೆ 12,000 ಟೋಕನ್ ಆಯಿತು, ಅದೂ ಬಳಕೆದಾರ ಒಂದು ಮಾತು ಆಡುವ ಮೊದಲೇ. ಬೇಕಾದಾಗ ಮಾತ್ರ ಹುಡುಕಿ ತರುವ ಆಪ್‌ಗಳು ಈಗ ಬಂದಿವೆ. ಎಲ್ಲವೂ ಹಾಗಿಲ್ಲ. ಇನ್ನು ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಸರ್ವರ್‌ಗೆ ಹೋಸ್ಟಿಂಗ್ (ಇಂಟರ್ನೆಟ್‌ನಲ್ಲಿ ಜಾಗ ಬಾಡಿಗೆಗೆ ಪಡೆಯುವ) ಖರ್ಚಿಲ್ಲ. ಇಂಟರ್ನೆಟ್‌ನಲ್ಲಿ ಇಟ್ಟರೆ ಹೋಸ್ಟಿಂಗ್, ಲಾಗಿನ್ ವ್ಯವಸ್ಥೆ, ಸುರಕ್ಷತೆ, ನಿಗಾ ಎಲ್ಲವೂ ನಿಮ್ಮ ತಲೆ ಮೇಲೆ ಬರುತ್ತವೆ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಅಲ್ಲ.

ಹೆಚ್ಚು ಜನ ಎಡವುವುದು ಒಂದೇ ಜಾಗದಲ್ಲಿ. ಎಪಿಐನಲ್ಲಿ 40 ವಿಳಾಸ ಇದ್ದರೆ ಸುಮ್ನೆ 40 ಟೂಲ್ ಮಾಡಿಬಿಡುತ್ತಾರೆ. "ಗ್ರಾಹಕರ ಪಟ್ಟಿ ತಾ", "ಬಿಲ್ ಪಟ್ಟಿ ತಾ", "ಪಾವತಿ ಪಟ್ಟಿ ತಾ" ಎಂದು ಮೂರು ಟೂಲ್ ಕೊಟ್ಟರೆ ಏಜೆಂಟ್ ಮೂರನ್ನೂ ಕರೆದು, ಸಾವಿರ ಸಾಲು ಓದಿ, ತಾನೇ ಹೊಂದಿಸಬೇಕು. "ಬಾಕಿ ಇರುವ ಗ್ರಾಹಕರನ್ನು ತೋರಿಸು" ಎಂಬ ಒಂದು ಟೂಲ್ ಕೊಟ್ಟರೆ ಒಂದೇ ಹೆಜ್ಜೆ. ಜನರ ಕೆಲಸ ಹೇಗಿದೆಯೋ ಹಾಗೆ ಟೂಲ್ ಕತ್ತರಿಸಿ. ಎರಡು ಟೂಲ್‌ಗಳ ವಿವರಣೆ ಓದಿ ನಿಮಗೇ ಯಾವುದು ಯಾವಾಗ ಎಂದು ತಿಳಿಯದಿದ್ದರೆ ಏಜೆಂಟ್‌ಗೂ ತಿಳಿಯುವುದಿಲ್ಲ.

ಟೂಲ್ ಓದುವುದಕ್ಕೆ ಮಾತ್ರವಾ, ಅಳಿಸುವಂಥದ್ದಾ ಎಂದು ಹೇಳುವ ಗುರುತುಗಳೂ ಎಂಸಿಪಿಯಲ್ಲಿವೆ. ತಪ್ಪದೆ ತುಂಬಿ. ಆದರೆ ಅವು ಬರೀ ಸೂಚನೆಗಳು. ಅಳಿಸುವುದನ್ನು ನಿಜವಾಗಿ ತಡೆಯುವ ಕಾವಲು ನಿಮ್ಮ ಸರ್ವರಿನ ಕೋಡಿನಲ್ಲೇ ಇರಬೇಕು.

ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ

ಎಐ ಸಂಶೋಧಕ ಜೆರೆಮಿ ಹೊವಾರ್ಡ್ 2024ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟ ಸಲಹೆ ಇದು. ನಿಮ್ಮ ದಾಖಲೆಗಳ ವೆಬ್‌ಸೈಟಿನಲ್ಲಿ ಒಂದು ಚಿಕ್ಕ ಫೈಲ್ ಇಟ್ಟು, ಮುಖ್ಯ ಪುಟಗಳ ಪಟ್ಟಿ ಮತ್ತು ಒಂದೊಂದು ಸಾಲಿನ ಪರಿಚಯ ಕೊಡುವುದು. ಲೈಬ್ರರಿ ಬರೆದು ಬಿಡುಗಡೆ ಮಾಡುವವರಿಗೆ ಅರ್ಧ ಗಂಟೆಯ ಕೆಲಸ, ಮಾಡಿಬಿಡಿ. ಯಾವ ಏಜೆಂಟೂ ಇದನ್ನು ಓದಲೇಬೇಕು ಎಂದೇನಿಲ್ಲ, ಆದ್ದರಿಂದ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷ್‌ನಲ್ಲಾ?

ಇದನ್ನು ತುಂಬಾ ಜನ ಕೇಳುತ್ತಾರೆ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. "ಕ್ಷ" ಮೂರು ಸಂಕೇತಗಳಿಂದ ಆಗುತ್ತದೆ, ಅಂದರೆ 9 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಅದೇ ವಿಷಯ ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಟೋಕನ್ ಜಾಸ್ತಿ ಆಗುತ್ತದೆ. ಸದಾ ಕಾಂಟೆಕ್ಸ್ಟ್‌ನಲ್ಲಿ ಕೂರುವ ಎಂಸಿಪಿ ವಿವರಣೆಗೆ ಇದು ಲೆಕ್ಕಕ್ಕೆ ಬರುತ್ತದೆ.

ನಾನು ಮಾಡುವುದು ಹೀಗೆ. ಸ್ಕೀಮಾ ಮತ್ತು ನಿಯಮಗಳು ಸರಳ ಇಂಗ್ಲಿಷ್‌ನಲ್ಲಿ. ಬಳಕೆದಾರರು ಆಡುವ ಮಾತುಗಳು ಅವರು ಆಡುವ ಹಾಗೇ ಕನ್ನಡದಲ್ಲಿ. ಕಂದಾಯದ ದಾಖಲೆಯ ಟೂಲ್ ಆದರೆ "ಪಹಣಿ", "ಆರ್‌ಟಿಸಿ", "ಉತಾರ" ಮೂರನ್ನೂ ಬರೆಯಿರಿ. ಹಳೆ ಮೈಸೂರಿನವರು ಒಂದು ಹೇಳಿದರೆ ಧಾರವಾಡದ ಕಡೆಯವರು ಇನ್ನೊಂದು ಹೇಳುತ್ತಾರೆ, ಅಲ್ವಾ? ಎರರ್ ಸಂದೇಶವನ್ನು ಕೊನೆಗೆ ಮನುಷ್ಯರು ಓದುತ್ತಾರೆ ಎಂದಾದರೆ ಅದು ಕನ್ನಡದಲ್ಲೇ ಇರಲಿ. ಅದು ಸದಾ ಜಾಗ ಹಿಡಿಯುವಂಥದ್ದೂ ಅಲ್ಲ.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ ಇದ್ದೀರಿ, ಒಂದೆರಡು ಸ್ಕ್ರಿಪ್ಟ್, ನಿಮ್ಮದೇ ಲ್ಯಾಪ್‌ಟಾಪ್: ಹೆಲ್ಪ್ ಸರಿ ಮಾಡಿ, ಏಜೆಂಟ್ಸ್ ಫೈಲಿನಲ್ಲಿ ನಾಲ್ಕು ಸಾಲು ಬರೆಯಿರಿ. ಎಂಸಿಪಿಗೆ ಕೈ ಹಾಕಬೇಡಿ. ಅದೇ ಸ್ಕ್ರಿಪ್ಟನ್ನು ಬೇರೆ ಬೇರೆ ಪ್ರಾಜೆಕ್ಟಿನಲ್ಲಿ ಬಳಸುತ್ತಿದ್ದರೆ, ಅಥವಾ ಬಳಸುವುದಕ್ಕೆ ಒಂದು ಕ್ರಮ ಇದ್ದರೆ, ಸ್ಕಿಲ್ ಮಾಡಿ.

ಚಿಕ್ಕ ಆಫೀಸು, ಕೋಡ್ ಬರದ ಜನರೂ ಬಳಸಬೇಕು, ಹಣ ಅಥವಾ ಗ್ರಾಹಕರ ಮಾಹಿತಿ ಇದೆ: ಎಂಸಿಪಿ ಸರ್ವರ್ ಬರೆಯಿರಿ, ಆದರೆ ಐದಾರು ಟೂಲ್‌ಗಿಂತ ಜಾಸ್ತಿ ಬೇಡ. ಮೊದಲು ಓದುವ ಟೂಲ್‌ಗಳನ್ನು ಮಾತ್ರ ಕೊಡಿ. ಒಂದು ತಿಂಗಳು ನೋಡಿದ ಮೇಲೆ ಬರೆಯುವ ಟೂಲ್ ಒಂದೊಂದಾಗಿ ಸೇರಿಸಿ.

ಹೊರಗಿನವರಿಗೆ ಎಪಿಐ ಕೊಡುವ ಕಂಪನಿಯಾದರೆ ಓಪನ್‌ಎಪಿಐ ಮೊದಲು. ಅದರಲ್ಲಿನ ಪ್ರತಿ ವಿವರಣೆಯನ್ನು ಒಬ್ಬರು ಕೂತು ಕೈಯಾರೆ ತಿದ್ದಲಿ. ಎಂಸಿಪಿ ಆಮೇಲೆ, ಹೆಚ್ಚು ಕೇಳಿಬರುವ ಕೆಲವೇ ಕೆಲಸಗಳಿಗೆ. ಓಪನ್ ಸೋರ್ಸ್ ಲೈಬ್ರರಿ ನಡೆಸುವವರು ಉದಾಹರಣೆಗಳಿಗೆ ಸಮಯ ಹಾಕಿ, ಜೊತೆಗೆ ಎಲ್‌ಎಲ್‌ಎಂಎಸ್ ಫೈಲ್ ಇಡಿ.

ಯಾವುದನ್ನೇ ಆರಿಸಿದರೂ ಬರೆದ ದಿನವೇ ಪರೀಕ್ಷೆ ಮಾಡಿ. ಹಳೆಯ ಮಾತುಕತೆಯ ನೆನಪಿಲ್ಲದ ಹೊಸ ಏಜೆಂಟ್ ತೆರೆಯಿರಿ. ಮೂರು ಕೆಲಸ ಕೊಡಿ. ಒಂದು ನೇರವಾದದ್ದು. ಒಂದು ಅಸ್ಪಷ್ಟವಾದದ್ದು, ಜನ ಮಾತಾಡುವ ಹಾಗೆ. ಇನ್ನೊಂದು, ಟೂಲನ್ನು ಬಳಸಲೇಬಾರದ ಕೆಲಸ. ನಡುವೆ ಸಹಾಯ ಮಾಡಬೇಡಿ, ಎಲ್ಲಿ ಊಹೆ ಮಾಡಿತು ಎಂದು ಮಾತ್ರ ಗುರುತು ಹಾಕಿಕೊಳ್ಳಿ. ಅಲ್ಲಿ ನಿಮ್ಮ ವಿವರಣೆಯಲ್ಲಿ ಒಂದು ಸಾಲು ಕಡಿಮೆ ಇದೆ.

ಹೆಲ್ಪ್ ತಿದ್ದಿದ ಮೇಲೆ ನಾನು ಮೂರನೆಯ ಪರೀಕ್ಷೆಗೆ ಒಂದು ಯುನಿಕೋಡ್ ಫೈಲನ್ನೇ ಕೊಟ್ಟು "ಬಾಕ್ಸ್ ಬಾಕ್ಸ್ ಬರ್ತಿದೆ, ಸರಿ ಮಾಡು" ಎಂದೆ. ಏಜೆಂಟ್ ಹೆಲ್ಪ್ ಓದಿತು, ಡ್ರೈ ರನ್ ಮಾಡಿತು, ಬಂದ ಸಂದೇಶ ನೋಡಿತು. ಫೈಲ್ ಈಗಾಗಲೇ ಯುನಿಕೋಡ್‌ನಲ್ಲಿದೆ, ಏನನ್ನೂ ಬದಲಿಸಿಲ್ಲ, ಕನ್ನಡ ಫಾಂಟ್ ಇದೆಯೇ ನೋಡಿ ಎಂದು ಉತ್ತರ ಕೊಟ್ಟಿತು.